ವ್ಯಾಯಾಮ–ಮನಸ್ಸಿನ ಪ್ರಾಜೆಕ್ಟ್: ವಿಷಯಕ್ಕಿಂತ ಮೊದಲು ಜನ ಹುಡುಕಿ

ಪ್ರಾಜೆಕ್ಟ್ ವಿಷಯ ಬರೆದು ಕೊಡಿ ಅಂದರೆ ಸಾಕು, ಮುಕ್ಕಾಲು ಪಾಲು ಚೀಟಿಗಳಲ್ಲಿ ಒಂದೇ ಸಾಲು: 'ವ್ಯಾಯಾಮ ಮತ್ತು ಮಾನಸಿಕ ಆರೋಗ್ಯ'. ಉಳಿದದ್ದರಲ್ಲಿ 'ಯೋಗ ಮತ್ತು ಒತ್ತಡ'. ನಾನು ಕಾಸರಗೋಡಿನಲ್ಲಿ ಡಿಗ್ರಿ ಮಕ್ಕಳಿಗೆ ಮನಶ್ಶಾಸ್ತ್ರ ಹೇಳಿಕೊಡುವವಳು. ಈ ಚೀಟಿಗಳನ್ನು ನೋಡಿ ನೋಡಿ ಈಗ ನಾನು ಕೇಳುವುದು ಒಂದೇ ಪ್ರಶ್ನೆ: "ಯಾರನ್ನು ಕೇಳ್ತೀ?" ಉತ್ತರ ಬರುವುದಿಲ್ಲ. ಯಾಕಂದರೆ ಆ ಸಾಲಿನಲ್ಲಿ ಮನುಷ್ಯರೇ ಇಲ್ಲ.

ಹಾಗಾಗಿ ಗೂಗಲ್ ತೆರೆಯುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಯಾರ ಶಿಫಾರಸೂ ಇಲ್ಲದೆ ನೀವೇ ಹೋಗಿ ಮಾತಾಡಿಸಬಹುದಾದ ಜನರ ಪಟ್ಟಿ ಬರೆಯಿರಿ. ನೀವು ಓದಿದ ಶಾಲೆಯ ವಾಲಿಬಾಲ್ ತಂಡ. ಅಮ್ಮನ ಜೊತೆ ತೊಳಿಲುರಪ್ಪು, ಅಂದರೆ ಉದ್ಯೋಗ ಖಾತರಿ, ಕೆಲಸಕ್ಕೆ ಹೋಗುವ ಹೆಂಗಸರು. ವಿದ್ಯಾನಗರದ ಸ್ಟೇಡಿಯಂಗೆ ಬೆಳಿಗ್ಗೆ ನಡೆಯಲು ಬರುವ ರಿಟೈರ್ಡ್ ಮಾಸ್ಟ್ರುಗಳು. ಅಣ್ಣನ ಜಿಮ್ಮಿನ ಹುಡುಗರು. ಹಾಸ್ಟೆಲಿನ ಗೆಳತಿಯರು. ಊರಿನ ಯಕ್ಷಗಾನ ಸಂಘದವರು. ಪ್ರತಿ ಗುಂಪಿನ ಎದುರು ಸುಮಾರು ಎಷ್ಟು ಜನ, ಯಾವ ಹೊತ್ತಿಗೆ ಸಿಗುತ್ತಾರೆ, ಯಾವ ಭಾಷೆಯಲ್ಲಿ ಉತ್ತರ ಹೇಳುತ್ತಾರೆ ಅಂತ ಬರೆಯಿರಿ. ಇಷ್ಟು ಮಾಡಿದರೆ ಅರ್ಧ ಕೆಲಸ ಮುಗಿಯಿತು. ವಿಷಯ ಸಾಮಾನ್ಯವಾಗಿ ಈ ಹಾಳೆಯಲ್ಲೇ ಇರುತ್ತದೆ.

ಪೈವಳಿಕೆ ಕಡೆಯ ಒಬ್ಬ ಹುಡುಗ 'ಕಬಡ್ಡಿ ಮತ್ತು ಮಾನಸಿಕ ಒತ್ತಡ' ಅಂತ ಬರೆದು ತಂದಿದ್ದ. ಅವನೇ ಆಟಗಾರ.

"ಯಾರ ಒತ್ತಡ?"

"ಪ್ಲೇಯರ್ಸ್‌ದು ಟೀಚರ್."

"ಯಾವಾಗಿನದ್ದು? ಹಿಂದಿನ ದಿನದ್ದಾ, ಕೋರ್ಟಿಗೆ ಇಳಿಯುವ ಮೊದಲಿನದ್ದಾ, ಸೋತು ಮನೆಗೆ ಹೋದ ಮೇಲಿನದ್ದಾ?"

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ: "ರೈಡಿಗೆ ಹೋಗುವವನಿಗೂ ಹಿಡಿಯುವವನಿಗೂ ಒಂದೇ ತರ ಹೆದರಿಕೆ ಇರುವುದಿಲ್ಲ ಟೀಚರ್. ರೈಡಿಗೆ ಹೋಗುವವ ಒಬ್ಬನೇ ಅಲ್ವಾ?"

ವಿಷಯ ಸಿಕ್ಕಿತು ನೋಡಿ! ಅವನು ಚೀಟಿಯಲ್ಲಿ ಬರೆದದ್ದಕ್ಕಿಂತ ಬಾಯಲ್ಲಿ ಹೇಳಿದ್ದು ಎಷ್ಟೋ ಚೆನ್ನಾಗಿತ್ತು. ಪಂದ್ಯ ಶುರುವಾಗುವ ಮೊದಲು ರೈಡರ್‌ಗಳ ಆತಂಕಕ್ಕೂ ಡಿಫೆಂಡರ್‌ಗಳ ಆತಂಕಕ್ಕೂ ವ್ಯತ್ಯಾಸ ಇದೆಯಾ? ಇದಕ್ಕೆ ಅಳತೆಗೋಲು ಸಿದ್ಧವಾಗಿಯೇ ಇದೆ. ಸಿಎಸ್‌ಎಐ-2 ಅಂತ ಒಂದು ಪ್ರಶ್ನಾವಳಿ. 27 ಪ್ರಶ್ನೆ, ಮೂರು ಭಾಗ: ತಲೆಯೊಳಗಿನ ಆತಂಕ, ಮೈಯಲ್ಲಿ ಕಾಣುವ ಆತಂಕ, ಆತ್ಮವಿಶ್ವಾಸ. ಒಂದೊಂದಕ್ಕೆ 9 ಪ್ರಶ್ನೆ. ಹೊಟ್ಟೆ ಕಲಸುವುದು, ಕೈ ಬೆವರುವುದು ಒಂದು ಕಡೆ, 'ಸೋತರೆ ಏನು ಗತಿ' ಅನ್ನುವ ಯೋಚನೆ ಇನ್ನೊಂದು ಕಡೆ. ಎರಡೂ ಬೇರೆ ಬೇರೆ ಅಂತ ಆಟಗಾರರಿಗೆ ಹೇಳಿಕೊಡಬೇಕಾಗಿಯೇ ಇಲ್ಲ.

ಆದರೆ ಅಲ್ಲಿಗೆ ಮುಗಿಯಲಿಲ್ಲ. ನಮ್ಮಲ್ಲಿ ಕಬಡ್ಡಿ ಅಂದರೆ ಹೊನಲು ಬೆಳಕಿನ ಪಂದ್ಯಾಟ. ರಾತ್ರಿ ಎಷ್ಟು ಗಂಟೆಗೆ ಯಾವ ತಂಡದ ಪಂದ್ಯ ಅಂತ ಆಯೋಜಕರಿಗೇ ಗೊತ್ತಿರುವುದಿಲ್ಲ. ಪಂದ್ಯಕ್ಕೆ ಅರ್ಧ ಗಂಟೆ ಮೊದಲು ಹಾಳೆ ಕೊಟ್ಟು ಬರೆಸಬೇಕು ಅಂದರೆ ಮೈಕ್ ಹಿಡಿದವರ ಪಕ್ಕದಲ್ಲೇ ನಿಲ್ಲಬೇಕು. ಮತ್ತೆ ರೈಡೂ ಮಾಡುವ, ಹಿಡಿಯುವುದೂ ಮಾಡುವ ಆಲ್‌ರೌಂಡರ್‌ಗಳನ್ನು ಯಾವ ಗುಂಪಿಗೆ ಸೇರಿಸುವುದು? ಅದನ್ನು ಮೊದಲೇ ತೀರ್ಮಾನ ಮಾಡಿ ಬರೆದಿಡಬೇಕು. ಲೆಕ್ಕ ನೋಡಿದ ಮೇಲೆ ಅಲ್ಲ. ಅವರನ್ನು ಬಿಟ್ಟುಬಿಡು ಅಂದೆ. ಇಂಥ ಪ್ರಶ್ನೆಗಳೆಲ್ಲ ಏಳಬೇಕು. ಒಂದೂ ಏಳದಿದ್ದರೆ ವಿಷಯ ಇನ್ನೂ ಗಾಳಿಯಲ್ಲೇ ಇದೆ ಅಂತ ತಿಳಿಯಿರಿ.

ಜನ ಸಿಕ್ಕಿದ ಮೇಲೆ ಮನಸ್ಸಿನ ಕಡೆಯಿಂದ ಒಂದೇ ಒಂದು ಸಂಗತಿ ಆರಿಸಿಕೊಳ್ಳಿ. 'ಮಾನಸಿಕ ಆರೋಗ್ಯ' ಬೇಡ, ಅದು ದೊಡ್ಡ ಚೀಲ. ಎರಡು ವಾರಗಳಿಂದ ಹೇಗಿದ್ದೀರಿ ಅನ್ನುವುದು ಬೇಕಾದರೆ ಡಬ್ಲ್ಯುಎಚ್‌ಒ-5 ಇದೆ. ಬರೀ ಐದು ವಾಕ್ಯ, ಒಂದೊಂದಕ್ಕೆ 0ರಿಂದ 5 ಅಂಕ. ಒಟ್ಟನ್ನು ನಾಲ್ಕರಿಂದ ಗುಣಿಸಿದರೆ ನೂರಕ್ಕೆ ಎಷ್ಟು ಅಂತ ಬರುತ್ತದೆ. ನನಗೆ ಇದು ಬಹಳ ಇಷ್ಟ, ಯಾಕಂದರೆ ಎಪ್ಪತ್ತು ವರ್ಷದ ಅಜ್ಜಿಯ ಹತ್ತಿರವೂ ಕೂತು ಕೇಳಬಹುದು. ತನ್ನ ಬಗ್ಗೆ ತನಗಿರುವ ಗೌರವ ಬೇಕಾದರೆ ರೋಸೆನ್‌ಬರ್ಗ್ ಅವರ 1965ರ ಹತ್ತು ವಾಕ್ಯಗಳ ಪಟ್ಟಿ. ಒತ್ತಡಕ್ಕೆ ಕೋಹೆನ್ ಮತ್ತು ಜೊತೆಗಾರರು 1983ರಲ್ಲಿ ಮಾಡಿದ ಪಿಎಸ್‌ಎಸ್. ನಾಳೆ ಮಳೆ ಬಂದರೂ ನಡೆಯಲು ಹೋಗಬಲ್ಲೆ ಅನ್ನುವ ಧೈರ್ಯ ಇದೆಯಲ್ಲ, ಅದರ ಹಿಂದಿರುವುದು ಬಂಡೂರಾ 1977ರಲ್ಲಿ ವಿವರಿಸಿದ 'ನನ್ನಿಂದ ಸಾಧ್ಯ' ಎಂಬ ನಂಬಿಕೆಯ ವಿಚಾರ. ಯಾಕಾಗಿ ವ್ಯಾಯಾಮ ಮಾಡುತ್ತಾರೆ, ಖುಷಿಗಾ, ಡಾಕ್ಟರು ಬೈದದ್ದಕ್ಕಾ, ಕನ್ನಡಿಗಾ ಎಂದು ನೋಡಬೇಕಾದರೆ ಡೆಸಿ ಮತ್ತು ರಯಾನ್ ಅವರ ಸ್ವಯಂ-ನಿರ್ಧಾರ ಸಿದ್ಧಾಂತ (ಸೆಲ್ಫ್ ಡಿಟರ್ಮಿನೇಶನ್ ಥಿಯರಿ) ಓದಿ. ಜಿಮ್ಮಿನ ಹುಡುಗರ ಮೇಲೆ ಕೆಲಸ ಮಾಡುವವರಿಗೆ ಅದು ಹೇಳಿ ಮಾಡಿಸಿದ ಹಾಗಿದೆ.

ಮಿದುಳಿನ ರಾಸಾಯನಿಕಗಳ ಕಡೆಗೆ ಮಾತ್ರ ಹೋಗಬೇಡಿ. ಪ್ರತಿ ವರ್ಷ ಯಾರಾದರೂ ಎಂಡಾರ್ಫಿನ್ ಹಿಡಿದುಕೊಂಡು ಬರುತ್ತಾರೆ. "ಅಳೆಯುವುದು ಹೇಗೆ ಮಾರಾಯ್ತಿ?" ಅಂದರೆ ನಗುತ್ತಾರೆ. ನಮ್ಮ ಲ್ಯಾಬಿನಲ್ಲಿ ಇರುವುದು ಸ್ಟಾಪ್‌ವಾಚು ಮತ್ತು ಒಂದು ಬಿಪಿ ಮೆಷಿನ್ನು. ಇನ್ನೊಂದು, ಎರಡನೇ ಅಧ್ಯಾಯದಲ್ಲಿ ಎಲ್ಲರೂ ಬಿಡಿಸುವ ಆ ತಲೆಕೆಳಗಾದ ಯು ಆಕಾರದ ಗೆರೆ. ಉದ್ವೇಗ ಜಾಸ್ತಿಯಾದಂತೆ ಆಟ ಸುಧಾರಿಸುತ್ತದೆ, ಒಂದು ಹಂತ ದಾಟಿದರೆ ಕೆಡುತ್ತದೆ ಅಂತ. ಯರ್ಕಿಸ್ ಮತ್ತು ಡಾಡ್ಸನ್ 1908ರಲ್ಲಿ ಆ ಪ್ರಯೋಗ ಮಾಡಿದ್ದು ಇಲಿಗಳ ಮೇಲೆ, ಕರೆಂಟಿನ ಶಾಕ್ ಕೊಟ್ಟು. ಕ್ರೀಡಾಪಟುಗಳ ಮೇಲೆ ಅಲ್ಲ. ಗೆರೆ ಬಿಡಿಸಿ, ಬೇಡ ಅನ್ನುವುದಿಲ್ಲ. ಆದರೆ ವೈವಾದಲ್ಲಿ ಇದನ್ನು ಕೇಳುವವರು ಇರುತ್ತಾರೆ.

ಈಗ ಶೀರ್ಷಿಕೆಯಲ್ಲಿ ನನಗೆ ಕೆಂಪು ಪೆನ್ನು ಹಿಡಿಸುವ ಪದ: 'ಪರಿಣಾಮ'. ಒಂದು ಸಲ ಹೋಗಿ ಪ್ರಶ್ನಾವಳಿ ತುಂಬಿಸಿಕೊಂಡು ಬಂದರೆ ನಿಮಗೆ ಸಿಗುವುದು ಸಂಬಂಧ, ಪರಿಣಾಮ ಅಲ್ಲ. ನಡೆಯುವವರು ಉಲ್ಲಾಸದಿಂದ ಇದ್ದಾರೆ ಅಂತ ಲೆಕ್ಕ ತೋರಿಸಬಹುದು. ನಡೆದದ್ದರಿಂದ ಉಲ್ಲಾಸವೋ, ಉಲ್ಲಾಸ ಇದ್ದವರೇ ಎದ್ದು ನಡೆಯಲು ಹೋದದ್ದೋ? ಮಂಡಿನೋವು ಇರುವವರು, ಬೆಳಿಗ್ಗೆ ಐದಕ್ಕೆ ರಬ್ಬರ್ ಟ್ಯಾಪಿಂಗಿಗೆ ಹೋಗುವವರು ಸ್ಟೇಡಿಯಂಗೆ ಬರುವುದೇ ಇಲ್ಲವಲ್ಲ.

ಪರಿಣಾಮ ಅನ್ನಬೇಕಾದರೆ ಎಷ್ಟು ಪಾಡು ಪಡಬೇಕು ಅನ್ನುವುದಕ್ಕೆ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಬ್ಲೂಮೆಂತಾಲ್ ಮತ್ತು ತಂಡ 1999ರಲ್ಲಿ ಪ್ರಕಟಿಸಿದ ಅಧ್ಯಯನ ಓದಿ. ಖಿನ್ನತೆ ಇದ್ದ, 50 ದಾಟಿದ 156 ಜನ. ಯಾರು ಯಾವ ಗುಂಪಿಗೆ ಅನ್ನುವುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಿದರು. ಒಂದು ಗುಂಪಿಗೆ ವ್ಯಾಯಾಮ, ಇನ್ನೊಂದಕ್ಕೆ ಸರ್ಟ್ರಾಲಿನ್ ಮಾತ್ರೆ, ಮೂರನೆಯದಕ್ಕೆ ಎರಡೂ. 16 ವಾರ ಕಳೆದಾಗ ಮೂರೂ ಗುಂಪು ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಸುಧಾರಿಸಿದ್ದವು. ಮೊದಮೊದಲು ಮಾತ್ರೆಯವರು ಬೇಗ ಚೇತರಿಸಿಕೊಂಡಿದ್ದರು. ಏನೂ ಕೊಡದ ಗುಂಪು ಅದರಲ್ಲಿ ಇರಲಿಲ್ಲ ಅನ್ನುವುದನ್ನೂ ಗಮನಿಸಿ, ಆ ಕೊರತೆಯ ಬಗ್ಗೆ ಆಮೇಲೆ ಚರ್ಚೆಯಾಯಿತು. ಇಷ್ಟು ದೊಡ್ಡದು ನಿಮ್ಮಿಂದಲೂ ಆಗದು, ನನ್ನಿಂದಲೂ ಆಗದು. ಕಾಯಿಲೆ ಇರುವವರ ಮೇಲೆ ಡಿಗ್ರಿ ಪ್ರಾಜೆಕ್ಟ್ ಮಾಡಲೇಬಾರದು. 'ಸಂಬಂಧ' ಅಂತ ಬರೆಯಿರಿ, ಮರ್ಯಾದೆಗೆ ಏನೂ ಕಡಿಮೆ ಆಗುವುದಿಲ್ಲ.

ಆದರೂ ಪ್ರಯೋಗವೇ ಮಾಡಬೇಕು ಅನ್ನುವ ಹಠ ಇದ್ದರೆ ಚಿಕ್ಕದು ಮಾಡಿ. ನನಗಂತೂ ಸರ್ವೆಗಿಂತ ಇದೇ ಹೆಚ್ಚು ಇಷ್ಟ. ಕ್ರೀಡಾ ಮನಶ್ಶಾಸ್ತ್ರ ಶುರುವಾದದ್ದೇ ಹಾಗೆ ಅನ್ನುತ್ತಾರೆ. ನಾರ್ಮನ್ ಟ್ರಿಪ್ಲೆಟ್ ಅನ್ನುವವರು ಸೈಕಲ್ ರೇಸಿನ ದಾಖಲೆ ನೋಡುತ್ತಾ, ಒಬ್ಬನೇ ಗಡಿಯಾರದ ವಿರುದ್ಧ ಓಡಿಸುವವನಿಗಿಂತ ಜೊತೆಗೆ ಬೇರೆಯವರಿದ್ದಾಗ ವೇಗ ಜಾಸ್ತಿ ಅಂತ ಗಮನಿಸಿದರು. ಆಮೇಲೆ ಮಕ್ಕಳ ಕೈಗೆ ಮೀನು ಹಿಡಿಯುವ ಗಾಳದ ರೀಲು ಕೊಟ್ಟು, ಒಬ್ಬರೇ ಸುತ್ತುವಾಗ ಎಷ್ಟು ಹೊತ್ತು, ಜೊತೆಯಲ್ಲಿ ಸುತ್ತುವಾಗ ಎಷ್ಟು ಹೊತ್ತು ಅಂತ ಅಳೆದರು. 1898ರಲ್ಲಿ. ಕೆಲವು ಮಕ್ಕಳು ಚುರುಕಾದರು, ಕೆಲವರು ಗಡಿಬಿಡಿಯಲ್ಲಿ ನಿಧಾನವಾದರು, ಕೆಲವರಿಗೆ ವ್ಯತ್ಯಾಸವೇ ಆಗಲಿಲ್ಲ. ಇದನ್ನೇ ಕಾಲೇಜಿನ ಮೈದಾನದಲ್ಲಿ ಹಗ್ಗ ಜಿಗಿಯುವುದರಲ್ಲಿ ಮಾಡಬಹುದು: ಯಾರೂ ನೋಡದಿದ್ದಾಗ ಒಂದು ನಿಮಿಷಕ್ಕೆ ಎಷ್ಟು, ಗೆಳತಿಯರು ಸುತ್ತ ನಿಂತಾಗ ಎಷ್ಟು? ಹೊಸದಾಗಿ ಕಲಿತವರಿಗೂ ಚೆನ್ನಾಗಿ ಬರುವವರಿಗೂ ಬೇರೆ ಬೇರೆ ಆಗುತ್ತದೆಯಾ? ರಾಬರ್ಟ್ ಝೈಯನ್ಸ್ (Zajonc) 1965ರಲ್ಲಿ ಹೇಳಿದ್ದು ಇದೇ: ರೂಢಿಯಾದ ಕೆಲಸ ಜನರೆದುರು ಸುಧಾರಿಸುತ್ತದೆ, ಹೊಸ ಕೆಲಸ ಕೆಡುತ್ತದೆ.

ಹಾಡು ಕೇಳುತ್ತಾ ವ್ಯಾಯಾಮ ಮಾಡುವುದರ ಮೇಲೂ ಮಾಡಬಹುದು. ಸ್ವೀಡನ್ನಿನ ಗುನ್ನಾರ್ ಬೋರ್ಗ್ ಮಾಡಿದ ಒಂದು ಅಳತೆ ಇದೆ, 6ರಿಂದ 20ರವರೆಗೆ. 6 ಅಂದರೆ ಏನೂ ಆಯಾಸ ಇಲ್ಲ, 20 ಅಂದರೆ ಇನ್ನು ಆಗುವುದೇ ಇಲ್ಲ. ಒಂದರಿಂದ ಹತ್ತು ಬಿಟ್ಟು ಇದೆಂತ ವಿಚಿತ್ರ ಲೆಕ್ಕ ಅಂತ ಅನಿಸುತ್ತದೆ ಅಲ್ವಾ? ಹತ್ತರಿಂದ ಗುಣಿಸಿ. ಆರೋಗ್ಯವಂತ ಯುವಕರ ಹೃದಯ ಬಡಿತಕ್ಕೆ ಸುಮಾರಾಗಿ ಹತ್ತಿರ ಬರುತ್ತದೆ. ಅದಕ್ಕೇ ಹಾಗೆ. ಬೆಂಚು ಹತ್ತಿ ಇಳಿಯುವ ಸುಲಭ ವ್ಯಾಯಾಮ ಐದು ನಿಮಿಷ, ಒಂದು ದಿನ ಹಾಡಿನ ಜೊತೆ, ಒಂದು ದಿನ ಹಾಡಿಲ್ಲದೆ. ಅದೇ ಜನ, ಅದೇ ಹೊತ್ತು. ಅರ್ಧ ಜನರಿಗೆ ಹಾಡು ಮೊದಲು, ಅರ್ಧ ಜನರಿಗೆ ಹಾಡು ನಂತರ. ಇಲ್ಲದಿದ್ದರೆ ಎರಡನೇ ದಿನದ ಅಭ್ಯಾಸಬಲವನ್ನು ಹಾಡಿನ ಲೆಕ್ಕಕ್ಕೆ ಬರೆದುಬಿಡುತ್ತೀರಿ. ವ್ಯಾಯಾಮ ಹಗುರವಾಗಿದ್ದಾಗ ಹಾಡು ಆಯಾಸವನ್ನು ಮರೆಸುತ್ತದೆ, ಉಸಿರು ಕಟ್ಟುವಷ್ಟು ಜೋರಾದಾಗ ಅಷ್ಟಾಗಿ ಅಲ್ಲ ಅಂತ ಇದುವರೆಗಿನ ಅಧ್ಯಯನಗಳು ಹೇಳುತ್ತವೆ. ಉಬ್ಬಸ, ಹೃದಯದ ತೊಂದರೆ, ಮಂಡಿಯ ತೊಂದರೆ ಇದೆಯಾ ಅಂತ ಮೊದಲೇ ಕೇಳಿ. ಇದ್ದವರನ್ನು ಹತ್ತಿಸಬೇಡಿ.

ನಮ್ಮ ಕಡೆಯವರು ಜಾಗ್ರತೆಯಿಂದ ಯೋಚಿಸಬೇಕಾದ ಒಂದು ಸಂಗತಿ ಇದೆ. ಪುಸ್ತಕಗಳಲ್ಲಿ ವ್ಯಾಯಾಮ ಅಂದರೆ ಬಿಡುವಿನ ಹೊತ್ತಿನಲ್ಲಿ ಇಷ್ಟಪಟ್ಟು ಮಾಡುವಂಥದ್ದು. ಅಡಿಕೆ ಮರ ಏರಿ ಕೊನೆ ಕೊಯ್ಯುವವರನ್ನು 'ನೀವು ವ್ಯಾಯಾಮ ಮಾಡ್ತೀರಾ?' ಅಂತ ಕೇಳಿ ನೋಡಿ. ನಕ್ಕು 'ಇಲ್ಲಪ್ಪ' ಅನ್ನುತ್ತಾರೆ. ಇಡೀ ದಿನ ಗುಡ್ಡದಲ್ಲಿ ಕಾಡು ಕಡಿದು ಬಂದ ಹೆಂಗಸರೂ 'ಇಲ್ಲ' ಅನ್ನುತ್ತಾರೆ. ದಿನಕ್ಕೆ ಇಪ್ಪತ್ತು ನಿಮಿಷ ಟ್ರೆಡ್‌ಮಿಲ್ ಮೇಲೆ ನಡೆಯುವವರು 'ಹೌದು' ಅನ್ನುತ್ತಾರೆ. ನಿಮ್ಮ ಟೇಬಲಿನಲ್ಲಿ ಅಡಿಕೆ ಕೊಯ್ಯುವವರು ಸೋಮಾರಿಗಳ ಸಾಲಿಗೆ ಬಂದು ಕೂರುತ್ತಾರೆ!

ಆದ್ದರಿಂದ ಮೈ ಬಗ್ಗಿಸುವ ಕೆಲಸವನ್ನು ಅಳೆಯುವ ಐಪ್ಯಾಕ್ ಪ್ರಶ್ನಾವಳಿ ನೋಡಿ. 15ರಿಂದ 69 ವರ್ಷದವರಿಗೆ ಅಂತ ಮಾಡಿದ್ದು. ಕಳೆದ ಏಳು ದಿನಗಳಲ್ಲಿ ಎಷ್ಟು ದಿನ, ಎಷ್ಟು ಹೊತ್ತು ಅಂತ ಕೇಳುತ್ತದೆ. ಅದರ ಉದ್ದದ ರೂಪದಲ್ಲಿ ಕೆಲಸದ ಜಾಗ, ಓಡಾಟ, ಮನೆಗೆಲಸ, ಬಿಡುವಿನ ಹೊತ್ತು ಅಂತ ಬೇರೆ ಬೇರೆ ಭಾಗಗಳಿವೆ. ಇಲ್ಲಿಂದ ಒಳ್ಳೆಯ ವಿಷಯ ಹುಟ್ಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯ ಪ್ರಕಾರ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಚಟುವಟಿಕೆ ಬೇಕು. ತೊಳಿಲುರಪ್ಪಿನ ಹೆಂಗಸರು ಅದನ್ನು ಒಂದೇ ದಿನದಲ್ಲಿ ದಾಟಿರುತ್ತಾರೆ. ಆದರೆ ಬಿಡುವಿನ ಹೊತ್ತಿನ ಚಟುವಟಿಕೆ ಮನಸ್ಸಿಗೆ ಕೊಡುವ ಹಿತವನ್ನು ಕೂಲಿಯ ದುಡಿಮೆ ಅಷ್ಟಾಗಿ ಕೊಡುವುದಿಲ್ಲ ಅಂತ ಅಧ್ಯಯನಗಳು ತೋರಿಸುತ್ತಾ ಬಂದಿವೆ. ಹಾಗಾದರೆ ಗುಂಪಿನಲ್ಲಿ, ಮಾತಾಡಿಕೊಂಡು, ನಗುತ್ತಾ ಮಾಡುವ ದುಡಿಮೆ? ಕೇಳಿ ನೋಡಬೇಕಾದದ್ದೇ. ಬೆಂಗಳೂರಿನ ಜಿಮ್ಮಿನ ಪಕ್ಕ ಕೂತವರಿಗೆ ಈ ಪ್ರಶ್ನೆ ಹೊಳೆಯುವುದು ಕಷ್ಟ.

ಭಾಷೆ ನಮ್ಮೂರಿನ ದೊಡ್ಡ ತಲೆನೋವು. ಮನೆಯಲ್ಲಿ ತುಳುವೋ ಬ್ಯಾರಿಯೋ ಮರಾಠಿಯೋ, ಶಾಲೆಯಲ್ಲಿ ಕನ್ನಡ, ಪಂಚಾಯತ್ತಿನಲ್ಲಿ ಮಲಯಾಳ. ಇಂಗ್ಲಿಷ್ ಪ್ರಶ್ನಾವಳಿಯನ್ನು ಕೂತಲ್ಲೇ ಬಾಯಲ್ಲಿ ಅನುವಾದಿಸಿ ಕೇಳಿದರೆ ಒಬ್ಬೊಬ್ಬರಿಗೆ ಒಂದೊಂದು ಪ್ರಶ್ನೆ ಕೇಳಿದ ಹಾಗಾಗುತ್ತದೆ. ಮೊದಲೇ ಬರೆದು ಸಿದ್ಧ ಮಾಡಿ. ಇಬ್ಬರು ಬೇರೆ ಬೇರೆ ಕೂತು ಕನ್ನಡಕ್ಕೆ ತರಲಿ, ಎರಡನ್ನೂ ಹೋಲಿಸಿ ಒಂದು ಮಾಡಿ. ಇಂಗ್ಲಿಷ್ ಮೂಲ ನೋಡದ ಮೂರನೆಯವರು ಅದನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಲಿ. ಎಲ್ಲಿ ಹಳಿ ತಪ್ಪಿದೆ ಅಂತ ಆಗ ಗೊತ್ತಾಗುತ್ತದೆ. ಸಾಧ್ಯವಾದರೆ ಒಂದೇ ಭಾಷೆಯವರ ಗುಂಪನ್ನೇ ಆರಿಸಿಕೊಳ್ಳಿ, ಮಂಜೇಶ್ವರ ಅಥವಾ ಕುಂಬಳೆ ಉಪಜಿಲ್ಲೆಯ ಕನ್ನಡ ಮಾಧ್ಯಮದ ಮಕ್ಕಳು, ಹೀಗೆ. ಕೆಲವರಿಗೆ ನೀವು ಓದಿ ಹೇಳುವುದು, ಕೆಲವರು ತಾವೇ ತುಂಬುವುದು ಬೇಡ. ಎದುರಿಗೆ ಕೂತು ಕೇಳುವಾಗ 'ನನಗೆ ಬೇಜಾರು' ಅಂತ ಹೇಳುವವರು ಕಡಿಮೆ.

ಕ್ಯಾಲೆಂಡರ್ ಕೂಡ ನೋಡಿ. ಜುಲೈಯಲ್ಲಿ ಹೋಗಿ 'ಕಳೆದ ಏಳು ದಿನಗಳಲ್ಲಿ ಎಷ್ಟು ನಡೆದಿರಿ' ಅಂದರೆ ಮಳೆಯ ಲೆಕ್ಕ ಸಿಗುತ್ತದೆ, ಮನುಷ್ಯರದ್ದಲ್ಲ. ಮೈದಾನದಲ್ಲಿ ಕಪ್ಪೆಗಳು ಮಾತ್ರ. ರಂಜಾನ್ ತಿಂಗಳಲ್ಲಿ ಊಟ, ನಿದ್ದೆ, ಆಟದ ಹೊತ್ತು ಎಲ್ಲ ಬದಲಾಗಿರುತ್ತದೆ. ಅದೇ ನಿಮ್ಮ ವಿಷಯ ಆದರೆ ಚೆನ್ನ, ಇಲ್ಲದಿದ್ದರೆ ಆ ತಿಂಗಳು ಬಿಡಿ. ಪರೀಕ್ಷೆಯ ವಾರದಲ್ಲಿ ಒತ್ತಡ ಅಳೆಯುವುದೂ ಹಾಗೆಯೇ.

ಯಕ್ಷಗಾನದ ಮೇಲೆ ಮಾಡಬೇಕು ಅನ್ನುವವರಿಗೆ ಪತ್ತನಾಜೆಯ, ಅಂದರೆ ಮೇಳಗಳ ತಿರುಗಾಟ ಮುಗಿಯುವ ದಿನದ, ಗಡುವು ಇದೆ. ಮೇ ಕೊನೆಗೆ ಮೇಳಗಳು ಗೆಜ್ಜೆ ಬಿಚ್ಚಿದರೆ ಮತ್ತೆ ಕಲಾವಿದರು ಒಟ್ಟಿಗೆ ಸಿಗುವುದು ಮಳೆಗಾಲ ಕಳೆದ ಮೇಲೆ. ಇದು ನನಗೆ ತುಂಬಾ ಇಷ್ಟದ ವಿಷಯ. ತೆಂಕುತಿಟ್ಟಿನ ಪುಂಡುವೇಷದವರು ಧೀಂಗಿಣ ಹಾಕುವುದನ್ನು ನೋಡಿದ್ದೀರಲ್ಲ, ಯಾವ ಆ್ಯತ್ಲೀಟಿಗೆ ಕಡಿಮೆ? ರಂಗಕ್ಕೆ ಹೋಗುವ ಮೊದಲು ಚೌಕಿಯಲ್ಲಿ (ಬಣ್ಣ ಹಚ್ಚುವ ಜಾಗದಲ್ಲಿ) ಅವರ ಮನಸ್ಸು ಹೇಗಿರುತ್ತದೆ, ಸುಸ್ತನ್ನು ಹೇಗೆ ನಿಭಾಯಿಸುತ್ತಾರೆ, ಇಡೀ ರಾತ್ರಿಯ ಆಟಕ್ಕೂ ಕಾಲಮಿತಿಗೂ ತಯಾರಿಯಲ್ಲಿ ಏನು ವ್ಯತ್ಯಾಸ? ಇದಕ್ಕೆ ಪ್ರಶ್ನಾವಳಿ ಬೇಡ. ಎಂಟು ಹತ್ತು ಜನರ ಹತ್ತಿರ ಕೂತು ಮಾತಾಡಿ, ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿ, ಅಕ್ಷರಕ್ಕೆ ಇಳಿಸಿ. ಮತ್ತೆ ಮತ್ತೆ ಬರುವ ಎಳೆಗಳನ್ನು ಹೆಕ್ಕುವುದು ಹೇಗೆ ಅಂತ ಬ್ರಾನ್ ಮತ್ತು ಕ್ಲಾರ್ಕ್ 2006ರ ಲೇಖನದಲ್ಲಿ ಹಂತಹಂತವಾಗಿ ಹೇಳಿದ್ದಾರೆ. ಸುಲಭ ಅಂತ ಮಾತ್ರ ತಿಳಿಯಬೇಡಿ. ಒಂದು ಗಂಟೆಯ ಮಾತು ಬರೆಯಲು ಒಂದು ಇಡೀ ದಿನ ಹೋಗುತ್ತದೆ. ಬಣ್ಣ ಹಚ್ಚುವಾಗ ಹೋಗಿ ಪ್ರಶ್ನೆ ಕೇಳಬೇಡಿ, ಬೈಸಿಕೊಳ್ಳುತ್ತೀರಿ.

ಒಪ್ಪಿಗೆಯ ವಿಚಾರ. 18 ತುಂಬದವರ ಮೇಲೆ ಮಾಡುವುದಾದರೆ ತಂದೆತಾಯಿಯ ಸಹಿ ಬೇಕು, ಮಗುವಿನ ಒಪ್ಪಿಗೆಯೂ ಬೇಕು. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಹೆಡ್‌ಮಾಸ್ಟ್ರು ಹೂಂ ಅಂದರೆ ಸಾಲದು. ಪ್ಲಸ್ ಟು ಮುಗಿಸಿ ಆಗಷ್ಟೇ ಬಂದ ನಿಮ್ಮ ಜೂನಿಯರ್‌ಗಳಲ್ಲೂ 17ರವರು ಇರುತ್ತಾರೆ, ಅದನ್ನು ಎಲ್ಲರೂ ಮರೆಯುತ್ತಾರೆ. ಹಾಳೆಯ ಮೇಲೆ ಹೆಸರು ಬೇಡ, ನಂಬರ್ ಸಾಕು. ಖಿನ್ನತೆ ಅಳೆಯುವ ಪಿಎಚ್‌ಕ್ಯು-9 ಎಲ್ಲರ ಕೈಗೂ ಸುಲಭವಾಗಿ ಸಿಗುತ್ತದೆ, ಆದರೆ ಅದರ ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆಯ ಬಗ್ಗೆ. ಯಾರಾದರೂ 'ಹೌದು' ಅಂತ ಗುರುತು ಹಾಕಿದರೆ ನೀವು ಎಂತ ಮಾಡ್ತೀರಿ? ಉತ್ತರ ಇಲ್ಲದಿದ್ದರೆ ಆ ಪ್ರಶ್ನಾವಳಿ ಮುಟ್ಟಬೇಡಿ. ಯಾವುದೇ ಪ್ರಶ್ನಾವಳಿ ಕೊಟ್ಟರೂ ಕೊನೆಯಲ್ಲಿ ಟೆಲಿ-ಮಾನಸ್ ಸಹಾಯವಾಣಿಯ 14416 ಅಚ್ಚು ಹಾಕಿಸಿ.

ಎಷ್ಟು ಜನ ಬೇಕು ಅನ್ನುವುದಕ್ಕೆ 'ಎಲ್ಲರೂ ನೂರು ಮಾಡ್ತಾರೆ' ಅನ್ನುವುದು ಉತ್ತರ ಅಲ್ಲ. ಮಧ್ಯಮ ಮಟ್ಟದ ಸಂಬಂಧ, ಅಂದರೆ 0.3ರಷ್ಟಿನದ್ದು, ಇದ್ದರೆ ಅದನ್ನು ಹಿಡಿಯಲು ಸುಮಾರು 85 ಜನ ಬೇಕು. ಎರಡು ಗುಂಪುಗಳ ನಡುವಿನ ಮಧ್ಯಮ ವ್ಯತ್ಯಾಸಕ್ಕೆ ಒಂದೊಂದರಲ್ಲಿ 64. ಅದೇ ಜನರನ್ನು ಎರಡು ಸಲ ಅಳೆಯುವುದಾದರೆ ಸುಮಾರು 34 ಸಾಕು. ಹಾಡಿನ ಪ್ರಯೋಗ ನನಗೆ ಇಷ್ಟ ಅಂದದ್ದಕ್ಕೆ ಇದೂ ಒಂದು ಕಾರಣ. ಕಬಡ್ಡಿಯ ಹುಡುಗನಿಗೆ 128 ಜನ ಬೇಕಾಯಿತು. ತಂಡಕ್ಕೆ ಏಳು ಜನ, ಆಲ್‌ರೌಂಡರ್‌ಗಳನ್ನು ಬಿಟ್ಟರೆ ಐದೋ ಆರೋ. ಒಂದು ಪಂದ್ಯಾಟ ಸಾಲುವುದಿಲ್ಲ ಅಂತ ಅವನೇ ಲೆಕ್ಕ ಹಾಕಿದ.

ಇಷ್ಟಾದ ಮೇಲೆ ಓದಲು ಕೂರಿ. ಗೂಗಲ್ ಸ್ಕಾಲರ್, ಪಬ್‌ಮೆಡ್, ನಮ್ಮ ದೇಶದ ಪಿಎಚ್‌ಡಿ ಪ್ರಬಂಧಗಳಿಗೆ ಶೋಧಗಂಗಾ. ನಿಮ್ಮ ವಿಷಯವನ್ನು ಬೇರೆ ಯಾರೋ ಮಾಡಿದ್ದಾರೆ ಅಂತ ಕಂಡರೆ ಗಾಬರಿ ಬೇಡ. ಅವರದ್ದೇ ವಿಧಾನ ಹಿಡಿದು ನಿಮ್ಮ ಜನರ ಮೇಲೆ ಮಾಡಿ, ಹಾಗಂತ ಮೊದಲ ಪುಟದಲ್ಲೇ ಬರೆಯಿರಿ.

ಗೈಡ್ ಹತ್ತಿರ ಹೋಗುವಾಗ ಶೀರ್ಷಿಕೆ ಒಂದನ್ನೇ ಹಿಡಿದು ಹೋಗಬೇಡಿ. ಅರ್ಧ ಪುಟ ಸಾಕು: ಯಾರು, ಎಲ್ಲಿ, ಯಾವ ತಿಂಗಳು, ಯಾವುದರಿಂದ ಅಳೆಯುವುದು, ಯಾರ ಅನುಮತಿ. ಜೊತೆಗೆ ಪ್ರಶ್ನಾವಳಿಯ ಐದು ಪ್ರತಿ ಪ್ರಿಂಟ್ ತೆಗೆದು ಹಿಂದಿನ ದಿನವೇ ನಿಮ್ಮ ಗುಂಪಿನ ಐವರಿಂದ ತುಂಬಿಸಿ. ಅವರು ಎಲ್ಲಿ ಪೆನ್ನು ನಿಲ್ಲಿಸಿ 'ಇದು ಎಂತದ್ದು?' ಅಂತ ಕೇಳಿದರೋ ಆ ಪ್ರಶ್ನೆಯ ಪಕ್ಕ ಗುರುತು ಹಾಕಿ. ಹದಿನೈದು ನಿಮಿಷಕ್ಕಿಂತ ಜಾಸ್ತಿ ಹಿಡಿದರೆ ಯಾವುದನ್ನು ಕೈಬಿಡಬೇಕು ಅಂತಲೂ ಬರೆದುಕೊಂಡು ಬನ್ನಿ.